ಒಣಶೀತ

ಆ ಜೂನ್ ತಿಂಗಳಲ್ಲಿ ನಮ್ಮ ಮನೆಯ ಜಗಳವೆಲ್ಲ ನೀರಿನ ಮೇಲೆಯೇ. ನೀರು ಯಾರು ತರಬೇಕು, ಎಷ್ಟು ಹೊತ್ತಿಗೆ ತರಬೇಕು, ತಂದವರ ಕೈ ಎಷ್ಟು ತಣ್ಣಗಾಯಿತು, ಬರೀ ಇದೇ. ನಮ್ಮ ಗುಡ್ಡದೂರು ಎಂಜೊಂಬೆಯಲ್ಲಿ ಜೂನ್ ಅಂದರೆ ಚಳಿಗಾಲ, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನೀರು ಬಿಡುತ್ತದೆ. ಆ ನಲ್ಲಿ ಇರುವುದು ಇಳಿಜಾರಿನ ಕೆಳಗೆ, ನಮ್ಮ ಮನೆ ಇರುವುದು ಮೇಲೆ.

ಮನೆಯಲ್ಲಿ ನಾವು ಐದು ಜನ. ಅತ್ತೆ ಯುಸ್ತಿನಾ, ನನ್ನ ಗಂಡ ಫೆಸ್ಟೊ, ಎದಿತಾ, ನಾನು, ನನ್ನ ಎಂಟು ತಿಂಗಳ ಕೂಸು ಫುರಾಹಾ. ಎದಿತಾ ಫೆಸ್ಟೊನ ಮೊದಲನೆಯ ಹೆಂಡತಿಯ ಮಗಳು. ಆ ಪುಣ್ಯಾತ್ಗಿತ್ತಿ ತೀರಿಹೋದಾಗ ಹುಡುಗಿಗೆ ನಾಲ್ಕು ವರ್ಷ, ಈಗ ಹತ್ತು. ನಾನು ಈ ಮನೆಗೆ ಬಂದು ಮೂರು ವರ್ಷ. ನನ್ನ ಹೆಸರು ವುಮಿಲಿಯಾ, ಹಾಗೆಂದರೆ ತಾಳಿಕೋ ಅಂತ. ಹೆಸರಿಟ್ಟವರು ಅತ್ತೆಯನ್ನು ನೋಡಿರಲಿಲ್ಲ, ಆದರೂ ಸರಿಯಾಗಿಯೇ ಇಟ್ಟಿದ್ದರು.

ಜಗಳಕ್ಕೂ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಮುಚ್ಚಿಟ್ಟು ಆಗಬೇಕಾದದ್ದೆಲ್ಲ ಆಗಿದೆ, ಇನ್ನು ಮುಚ್ಚಿಡಲಾರೆ.

ಮೇ ಕೊನೆಯಲ್ಲಿ ಮಕಂಬಾಕೊದಲ್ಲಿ ಅತ್ತೆಯ ತಮ್ಮ ತೀರಿಕೊಂಡರು. ಮಣ್ಣಿಗೆ ಹೋದ ಅತ್ತೆ ಹದಿನೈದು ದಿನ ಅಲ್ಲೇ ಉಳಿದರು. ಅವರು ಹೋದ ಮರುದಿನವೇ ಎದಿತಾಗೆ ಗಂಟಲು ನೋವು ಶುರುವಾಯಿತು. ಉಗುಳು ನುಂಗಿದರೂ ಕಣ್ಣಲ್ಲಿ ನೀರು, ಮೈ ಕೆಂಡ. ಅವಳ ನೋಟ್‌ಪುಸ್ತಕ ಹಿಡಿದು ಡಿಸ್ಪೆನ್ಸರಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ರೋಗಿ ತನ್ನ ಪುಸ್ತಕ ತಾನೇ ತರಬೇಕು, ಶಾಲೆಗೆ ಒಯ್ಯುವಂಥದೇ ಪುಸ್ತಕ. ಏನು ರೋಗ, ಏನು ಔಷಧಿ, ಎಲ್ಲ ಅದರಲ್ಲೇ ಬರೆಯುತ್ತಾರೆ. ಅಲ್ಲಿದ್ದವನು ಟಾರ್ಚು ಬಿಟ್ಟು ಗಂಟಲು ನೋಡಿದ, ಬೆಳ್ಳಗೆ ಕೀವು ಕಟ್ಟಿದೆ ಅಂದ. ಕೆಂಪು ಹಳದಿ ಬಣ್ಣದ ಇಪ್ಪತ್ತು ಕ್ಯಾಪ್ಸೂಲ್ ಎಣಿಸಿ ಕೊಟ್ಟ. ಬೆಳಿಗ್ಗೆ ಒಂದು, ಸಂಜೆ ಒಂದು, ಹತ್ತು ದಿನ. ವಾಸಿಯಾದರೂ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದ. ನಾನು ಎರಡು ಸಲವೂ ಹ್ಞೂಂ ಅಂದೆ.

ಮೂರನೆಯ ದಿನ ಸಂಜೆ ಹುಡುಗಿ ಅಂಗಳದಲ್ಲಿ ಹಗ್ಗದಾಟ ಆಡುತ್ತಿದ್ದಳು. ನಾಲ್ಕನೆಯ ದಿನ ಫೆಸ್ಟೊ ಮರದ ಮಿಲ್ಲಿನಿಂದ ಕುಂಟುತ್ತ ಬಂದ. ಹಲಗೆ ಜಾರಿ ಮೊಣಕಾಲಿನ ಕೆಳಗೆ ಸೀಳಿಬಿಟ್ಟಿತ್ತು. ಅವನು ಎರಡು ದಿನ ಕೂತರೆ ಗರಗಸದ ಹತ್ತಿರ ಬೇರೆಯವನು ನಿಂತಿರುತ್ತಾನೆ, ಅಂಥ ಕೆಲಸ ಅದು. ನಾನು ಮಾತ್ರೆಯ ಪೊಟ್ಟಣ ತೆಗೆದೆ. ಒಂದೊಂದೇ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಗಾಯದ ಮೇಲೆ ಉದುರಿಸಿದೆ. ನನ್ನಮ್ಮ ಹಾಗೇ ಮಾಡುತ್ತಿದ್ದಳು, ನಮ್ಮ ಬೀದಿಯವರೆಲ್ಲ ಹಾಗೇ ಮಾಡುತ್ತಾರೆ.

ಎದಿತಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅಪ್ಪ ಎದ್ದು ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಚಿಕ್ಕಮ್ಮ, ಅದು ನನ್ನ ಮಾತ್ರೆ ಅಲ್ವಾ?"

"ವಾಸಿಯಾಗಿದೆಯಲ್ಲ, ಇನ್ಯಾಕೆ?" ಅಂದೆ. "ಅಜ್ಜಿಗೆ ಹೇಳೋಕೆ ಹೋಗ್ಬೇಡ ಮತ್ತೆ. ಸುಮ್ನೆ ರಂಪ ಆಗುತ್ತೆ."

ಹದಿನಾಲ್ಕು ಕ್ಯಾಪ್ಸೂಲ್ ಒಂದು ವಾರದಲ್ಲಿ ಗಾಯಕ್ಕೆ ಮುಗಿದವು. ಗಾಯ ಒಣಗಿತು. ನೀನು ಡಾಕ್ಟರಾಗಬೇಕಿತ್ತು ಎಂದು ಫೆಸ್ಟೊ ನಕ್ಕ, ನಾನು ಉಬ್ಬಿಹೋದೆ. ಆ ಪುಸ್ತಕವನ್ನು ಮಾತ್ರ ಜೋಳದ ಹಿಟ್ಟಿನ ಡಬ್ಬದ ಹಿಂದೆ ತಳ್ಳಿಟ್ಟೆ. ಅತ್ತೆಗೆ ಓದು ಬರುವುದಿಲ್ಲ, ಆದರೆ ಮೊಮ್ಮಗಳ ಕೈಯಲ್ಲಿ ಓದಿಸುತ್ತಾರೆ. ಹತ್ತು ದಿನ ಅಂತ ಅದರಲ್ಲಿ ಬರೆದಿತ್ತಲ್ಲ.

ಅತ್ತೆ ಬಂದ ದಿನವೇ ನೀರಿನ ಜಗಳ ಶುರುವಾಯಿತು. ಎದಿತಾ ಶಾಲೆಗೆ ಹೋಗುವ ಮೊದಲು ಒಂದು ಬಕೆಟ್ ನೀರು ತರುತ್ತಿದ್ದಳು, ಬೇರೆ ಮನೆಯ ಹುಡುಗಿಯರೂ ತರುತ್ತಾರೆ. ಅತ್ತೆ ಅವಳ ಎರಡೂ ಕೈ ಹಿಡಿದು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. ಹೆತ್ತವಳಾಗಿದ್ದರೆ ಈ ಚಳಿಯಲ್ಲಿ ಕಳಿಸುತ್ತಿರಲಿಲ್ಲ ಎಂದು ಗೋಡೆಗೆ ಹೇಳಿದರು. ಗೋಡೆಯ ಈಚೆ ನಾನಿದ್ದೆ. ಕೂಸನ್ನು ಕಟ್ಟಿಕೊಂಡು ಎಷ್ಟು ಬಕೆಟ್ ಹೊರಲಿ ಎಂದು ನಾನೂ ಗೋಡೆಗೇ ಉತ್ತರ ಕೊಟ್ಟೆ.

ಹೀಗೆ ಒಂದು ವಾರ ಆಗಿರಬಹುದು. ಒಂದು ಬೆಳಿಗ್ಗೆ ಎದಿತಾ ಹಾಸಿಗೆಯಿಂದ ಏಳಲಿಲ್ಲ. ಬಲಮೊಣಕಾಲು ಊದಿ ಹೊಳೆಯುತ್ತಿತ್ತು, ಮುಟ್ಟಿದರೆ ಸುಡುತ್ತಿತ್ತು. ಹೊದಿಕೆ ತಾಗಿದರೂ ಅಳುತ್ತಿದ್ದಳು.

ಅತ್ತೆ ನೋಡಿದವರೇ ಸೊಂಟದ ಮೇಲೆ ಕೈಯಿಟ್ಟರು. "ಒಣಶೀತ. ನಾನು ಬಡ್ಕೊಂಡೆ, ಕೇಳಿದ್ಯಾ? ಹಿಡ್ಕೊಂಡೇಬಿಡ್ತು."

ಕೀಲು ಹಿಡಿದುಕೊಂಡರೆ ನಮ್ಮ ಕಡೆ ಅದಕ್ಕೆ ಒಣಶೀತ ಅಂತಲೇ ಹೆಸರು. ಮುದುಕರಿಗೂ ಅದೇ, ಮಕ್ಕಳಿಗೂ ಅದೇ, ಆಸ್ಪತ್ರೆಯವರ ಬಾಯಲ್ಲೂ ಅದೇ. ಹೆಸರಿನಲ್ಲೇ ಶೀತ ಇರುವಾಗ ಯಾರಾದರೂ ಬೇರೆ ಕಾರಣ ಯಾಕೆ ಹುಡುಕುತ್ತಾರೆ? ಶೀತ ಎಲ್ಲಿಂದ ಬಂತು? ನೀರಿನಿಂದ. ನೀರಿಗೆ ಕಳಿಸಿದವಳು ಯಾರು? ನಾನು. ಅಲ್ಲಿಗೆ ವಿಚಾರಣೆ ಮುಗಿಯಿತು.

ಅತ್ತೆ ನೀಲಗಿರಿ ಸೊಪ್ಪು ಬಿಸಿ ಮಾಡಿ ಕಟ್ಟಿದರು, ಉಪ್ಪಿನ ಶಾಖ ಕೊಟ್ಟರು. ಸಂಜೆಗೆ ಡಿಸ್ಪೆನ್ಸರಿಗೆ ಹೊರಟರು.

"ಅವಳ ಪುಸ್ತಕ ಎಲ್ಲಿ?"

"ಕಳೆದುಹೋಯ್ತು ಅತ್ತೆ."

ಎದಿತಾ ನನ್ನ ಮುಖ ನೋಡಿದಳು. ಅತ್ತೆ ಒಂದಿಷ್ಟು ಬೈದು ಅಂಗಡಿಯಲ್ಲಿ ಹೊಸ ಪುಸ್ತಕ ಕೊಂಡರು. ಡಿಸ್ಪೆನ್ಸರಿಯಲ್ಲಿ ಆ ದಿನ ಬೇರೆಯವನು ಕೂತಿದ್ದನಂತೆ. ಇವರು ಹೋದ ತಕ್ಷಣ ಒಣಶೀತ ಅಂದರು, ಅವನು ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ಅದನ್ನೇ ಬರೆದು ನೋವಿನ ಮಾತ್ರೆ ಕೊಟ್ಟ. ಹಿಂದೆ ಏನಾಗಿತ್ತು ಅಂತ ನೋಡಲು ಹಿಂದಿನ ಹಾಳೆಯೇ ಇರಲಿಲ್ಲ. ಗದರಿಕೆ ತಪ್ಪಿಸಿಕೊಳ್ಳೋಣವೆಂದು ನಾನು ಮಾಡಿದ ಕೆಲಸ ಅದು.

ಮಾತ್ರೆಗೆ ನೋವು ಇಳಿಯಿತು. ನಾಲ್ಕು ದಿನ ಬಿಟ್ಟು ಎಡಗಾಲಿನ ಹರಡಿಗೆ, ಪಾದದ ಮೇಲಿನ ಕೀಲಿಗೆ, ಬಂತು. ಹರಡು ಸರಿಯಾಯಿತು ಅನ್ನುವಷ್ಟರಲ್ಲಿ ಮುಂಗೈ. ನೋವು ಒಂದು ಕಡೆ ನಿಲ್ಲದೆ ಅವಳ ಮೈಯೆಲ್ಲ ಸುತ್ತುತ್ತಿತ್ತು. ಜೊತೆಗೆ ಜ್ವರ. ಫೆಸ್ಟೊ ಮಲೇರಿಯಾ ಇರಬಹುದೆಂದು ಬೆರಳು ಚುಚ್ಚಿಸಿದ, ಅದು ಅಲ್ಲ ಅಂತ ಬಂತು.

ಅತ್ತೆ ಅವಳಿಗೆ ಎರಡು ಸ್ವೆಟರ್ ತೊಡಿಸಿ, ಇದ್ದಿಲ ಒಲೆಯ ಪಕ್ಕದಲ್ಲಿ ಕೂರಿಸಿಬಿಟ್ಟರು. ಕೈ ತೊಳೆಯಲಿಕ್ಕೂ ಬಿಸಿನೀರು. ನಮಗೆಲ್ಲ ಉಗಾಲಿ ಮುದ್ದೆ, ಸೊಪ್ಪು. ಅವಳಿಗೆ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಹುರುಳಿಕಾಯಿಯ ಬೀಜ, ಶುಂಠಿ ಹಾಕಿದ ಚಹಾ. ನಾನು ಬಡಿಸಹೋದರೆ ಅತ್ತೆ ತಟ್ಟೆ ತಮ್ಮ ಕಡೆ ಎಳೆದುಕೊಳ್ಳುವರು.

"ನಾ ಕೊಡ್ತೀನಿ ಬಿಡು. ನಿನ್ನ ಕೈ ತಣ್ಣಗಿದೆ."

ಆ ಮಾತಿಗೆ ನನಗೆ ಮೈ ಉರಿಯಿತು. "ನಿಮ್ಮ ಮಗನೂ ಚಿಕ್ಕವನಿದ್ದಾಗ ಇದೇ ನಲ್ಲಿಯಿಂದ ನೀರು ಹೊತ್ತಿದ್ದು. ನಾನು ಹೊಳೆಯಿಂದ ಹೊತ್ತಿದ್ದೀನಿ. ಯಾರಿಗೆ ಬಂತು ಒಣಶೀತ? ಬೇಕಿದ್ರೆ ಬೀದಿಯವರನ್ನೆಲ್ಲ ಕರೆಸಿ ಕೇಳೋಣ."

ಫೆಸ್ಟೊ ತುತ್ತು ಕೈಯಲ್ಲೇ ಹಿಡಿದು, ಇಬ್ಬರೂ ಸ್ವಲ್ಪ ಊಟ ಮಾಡೋಕೆ ಬಿಡಿ ಅಂದ. ನಾನು ಬಿಡಲಿಲ್ಲ. ನೀರಿನ ವಿಷಯ ಬಂದಾಗಲೆಲ್ಲ ನಾನು ಕೂಗಾಡಿದೆ, ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಲ್ಲುವಷ್ಟು. ಅದರಲ್ಲಿ ನಾನು ತಪ್ಪು ಮಾಡಿರಲಿಲ್ಲ ನೋಡಿ, ಅದಕ್ಕೇ ಅಷ್ಟು ಗಂಟಲು. ಹಿಟ್ಟು ತೆಗೆಯುವಾಗ ಡಬ್ಬದ ಹಿಂದೆ ಪುಸ್ತಕದ ಅಂಚು ಕಾಣುತ್ತಿತ್ತು. ವಾಸಿಯಾದರೂ ನಿಲ್ಲಿಸಬೇಡಿ ಅಂದಿದ್ದ. ಗಂಟಲಿಗೂ ಮೊಣಕಾಲಿಗೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡು ಡಬ್ಬವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತಿದ್ದೆ.

ಜುಲೈ ಮೊದಲ ಭಾನುವಾರ ಅವಳು ಸ್ವಲ್ಪ ಗೆಲುವಾಗಿದ್ದಳು. ಇಗರ್ಜಿಗೆ ಬರುತ್ತೇನೆ ಅಂದಳು, ಅತ್ತೆಯೂ ಒಪ್ಪಿದರು. ಹೋಗುವಾಗ ಇಳಿಜಾರು, ಸರಿಹೋಯಿತು. ಬರುವಾಗ ಏರಿನಲ್ಲಿ ಮೊದಲ ತಿರುವಿಗೇ ಕೂತಳು. ಎದ್ದು ಹತ್ತು ಹೆಜ್ಜೆ ಇಟ್ಟು ಮತ್ತೆ ಕೂತಳು. ಮೂರನೆಯ ಸಲ ಕೂತಾಗ ತುಟಿಯ ಸುತ್ತ ಬೂದಿ ಬಣ್ಣ ಬಂದಿತ್ತು. ಫೆಸ್ಟೊ ಅವತ್ತೂ ಕೆಲಸಕ್ಕೆ ಹೋಗಿದ್ದ. ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಕಾಂಗಾ ಬಟ್ಟೆ ಬಿಚ್ಚಿ ಎದಿತಾಳನ್ನು ನನ್ನ ಬೆನ್ನಿಗೆ ಕಟ್ಟಿಕೊಂಡೆ. ಹತ್ತು ವರ್ಷದ ಹುಡುಗಿ ಎಷ್ಟು ಹಗುರವಾಗಿದ್ದಳೆಂದರೆ ನನಗೆ ಹೆದರಿಕೆಯಾಯಿತು.

ಹತ್ತುವಾಗ ಅವಳ ಎದೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಎರಡು ಸ್ವೆಟರ್ ದಾಟಿ, ನನ್ನ ರವಿಕೆ ದಾಟಿ ಬಡಿಯುತ್ತಿತ್ತು. ಏರು ಹತ್ತುತ್ತಿದ್ದವಳು ನಾನು, ಓಡುತ್ತಿದ್ದದ್ದು ಅವಳ ಎದೆ. ಮನೆ ಮುಟ್ಟಿ ಅರ್ಧ ತಾಸು ಮಲಗಿಸಿದರೂ ಅದು ನಿಧಾನವಾಗಲಿಲ್ಲ. ಇದು ಶೀತವಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು.

ಬೆಳಗಾಗುತ್ತಲೇ ದೊಡ್ಡ ಆಸ್ಪತ್ರೆಗೆ ಹೊರಟೆವು. ಫೆಸ್ಟೊ ಕೆಲಸ ಬಿಟ್ಟು ಬಂದ, ಅತ್ತೆಯೂ ಬಂದರು. ಹೊರಡುವ ಮೊದಲು ನಾನು ಹಿಟ್ಟಿನ ಡಬ್ಬದ ಹಿಂದಿನಿಂದ ಪುಸ್ತಕ ತೆಗೆದು, ಕೂಸನ್ನು ಕಟ್ಟಿದ ಬಟ್ಟೆಯೊಳಗೆ ಸೇರಿಸಿಕೊಂಡೆ. ತೋರಿಸಬೇಕೆಂದು ನಿಶ್ಚಯ ಮಾಡಿದ್ದೆ ಅಂದರೆ ಸುಳ್ಳಾಗುತ್ತದೆ. ಜೊತೆಗಿರಲಿ ಅಂತ ಇಟ್ಟುಕೊಂಡೆ, ಅಷ್ಟೆ.

ಒಳಗೆ ಸಣ್ಣ ವಯಸ್ಸಿನ ಡಾಕ್ಟರಮ್ಮ. ಅತ್ತೆ ಎಂದಿನಂತೆ ಮೊದಲು ಬಾಯಿ ತೆರೆದು ಒಣಶೀತ ಅಂದರು, ನೀರಿನ ಕಥೆಯನ್ನೂ ಹೇಳಿದರು. ನನ್ನ ಕಡೆ ನೋಡದೆಯೇ ನನ್ನ ಕಡೆ ಬೆರಳು ತೋರಿಸಿದರು. ಡಾಕ್ಟರಮ್ಮ ಕೇಳಿಸಿಕೊಂಡು, ಹೊಸ ಪುಸ್ತಕದ ಒಂದೇ ಹಾಳೆ ಓದಿ, ಎದಿತಾಳ ಎದೆಗೆ ಕೊಳವೆ ಇಟ್ಟರು. ಬಹಳ ಹೊತ್ತು ಇಟ್ಟರು. ಎಡಕ್ಕೆ ಮಲಗಿಸಿ ಮತ್ತೆ ಇಟ್ಟರು.

"ಕೀಲುನೋವು ಬರೋಕೆ ಎರಡು ಮೂರು ವಾರ ಮುಂಚೆ ಇವಳಿಗೆ ಗಂಟಲು ನೋವು ಬಂದಿತ್ತಾ? ಜ್ವರದ ಜೊತೆ?"

"ಇಲ್ಲವೇ ಇಲ್ಲ," ಅಂದರು ಅತ್ತೆ. "ನಮ್ಮ ಹುಡುಗಿಗೆ ಗಂಟಲು ನೋವು ಯಾವತ್ತೂ ಬಂದಿಲ್ಲ."

ಫೆಸ್ಟೊ ತಲೆ ಕೆರೆದುಕೊಂಡ. ಬೆಳಕು ಹರಿಯುವ ಮೊದಲು ಹೋಗಿ ಕತ್ತಲಾದ ಮೇಲೆ ಬರುವವನು, ಅವನಿಗೆ ನೆನಪಿರಲಿಲ್ಲ. ಡಾಕ್ಟರಮ್ಮ ಎದಿತಾಳನ್ನೇ ಕೇಳಿದರು.

ಎದಿತಾ ನನ್ನ ಮುಖ ನೋಡಿದಳು. ಅಜ್ಜಿಗೆ ಹೇಳಬೇಡ ಅಂದಿದ್ದೆನಲ್ಲ. ಉಸಿರಾಡಲು ಕಷ್ಟಪಡುತ್ತಿದ್ದ ಆ ಮಗು ನನ್ನ ಮಾತು ಉಳಿಸಿತು.

"ಇಲ್ಲ," ಅಂದಳು.

ಡಾಕ್ಟರಮ್ಮ ಬರೆಯಲು ಪೆನ್ನು ಎತ್ತಿಕೊಂಡರು. ನನ್ನ ಕೈ ತಾನಾಗಿಯೇ ಬಟ್ಟೆಯೊಳಗೆ ಹೋಯಿತು. ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ, ಅದಕ್ಕೆ ಹಿಟ್ಟು ಮೆತ್ತಿತ್ತು.

"ಬಂದಿತ್ತು. ಹತ್ತು ದಿನದ ಮಾತ್ರೆ ಕೊಟ್ಟಿದ್ರು. ಮೂರು ದಿನ ಕೊಟ್ಟು ನಾನೇ ನಿಲ್ಲಿಸಿದೆ."

ಡಾಕ್ಟರಮ್ಮ ಬೈಯಲಿಲ್ಲ. ತಾರೀಕು ನೋಡಿ, ಬೆರಳಲ್ಲಿ ವಾರ ಎಣಿಸಿ, ನಿಧಾನವಾಗಿ ಹೇಳಿದರು. ಗಂಟಲಿನ ಕೀವಿಗೆ ಕಾರಣವಾದ ಕ್ರಿಮಿ ಪೂರ್ತಿ ಸತ್ತಿರಲಿಲ್ಲ. ಅದರ ಜೊತೆ ಹೊಡೆದಾಡಲು ಹೊರಟ ಮೈ, ದಾರಿ ತಪ್ಪಿ ತನ್ನ ಕೀಲುಗಳನ್ನೇ ಹೊಡೆಯಿತು, ಆಮೇಲೆ ಹೃದಯವನ್ನು. ಕೀಲು ಮೊದಲಿನಂತಾಗುತ್ತದೆ. ಹೃದಯದೊಳಗಿನ ಬಾಗಿಲೊಂದು ಮಾತ್ರ ಸರಿಯಾಗಿ ಮುಚ್ಚುತ್ತಿಲ್ಲ. ಇನ್ನೊಂದು ಸಲ ಗಂಟಲಿಗೆ ಅದೇ ಕ್ರಿಮಿ ಬಂದರೆ ಆ ಬಾಗಿಲು ಪೂರ್ತಿ ಕೆಡಬಹುದು. ಚಳಿಗೂ ನೀರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಕೊನೆಯ ಮಾತನ್ನು ಅತ್ತೆ ಕೇಳಿಸಿಕೊಂಡಂತೆ ಕಾಣಲಿಲ್ಲ. "ಉಳಿದ ಮಾತ್ರೆ ಎಲ್ಲಿಗೆ ಹೋಯ್ತು?" ಅಂದರು, ನನ್ನನ್ನೇ ನೋಡುತ್ತ.

ನಾನು ಬಾಯಿ ಬಿಡುವ ಮೊದಲೇ ಫೆಸ್ಟೊ ಪ್ಯಾಂಟಿನ ಕಾಲು ಕೆಳಗೆ ಎಳೆದುಕೊಂಡ. ಅತ್ತೆ ಅದನ್ನು ನೋಡಿದರು. ಮಗನ ಕಾಲಿನ ಗಾಯ ಎಷ್ಟು ಬೇಗ ಒಣಗಿತು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವರು ಅವರೇ.

ಎದಿತಾ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ವಾರ ಬದುಕುತ್ತಾಳೋ ಇಲ್ಲವೋ ಅನ್ನುವ ಹಾಗಿತ್ತು. ಆಮೇಲೆ ಉಸಿರು ಹತೋಟಿಗೆ ಬಂತು. ಮನೆಗೆ ಕಳಿಸುವಾಗ, ಆ ಕ್ರಿಮಿ ಮತ್ತೆ ಬಾರದ ಹಾಗೆ ಒಂದು ಸೂಜಿ ಹೇಳಿದರು. ನಾಲ್ಕು ವಾರಕ್ಕೊಂದು, ಕನಿಷ್ಠ ಹತ್ತು ವರ್ಷ, ಒಂದೂ ತಪ್ಪಬಾರದು. ಸೂಜಿ ಹಾಕಿದಾಗಲೆಲ್ಲ ಪುಸ್ತಕದಲ್ಲಿ ಬರೆಸಬೇಕು. ಅತ್ತೆ ಎರಡೂ ಪುಸ್ತಕಗಳನ್ನು ಮೇಜಿನಿಂದ ಎತ್ತಿ, ತಮ್ಮ ಸೊಂಟದ ಬಟ್ಟೆಯಲ್ಲಿ ಗಂಟು ಹಾಕಿಕೊಂಡರು.

ಅಲ್ಲಿಂದ ಮುಂದೆ ಅವರು ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏನಾದರೂ ಬೇಕಾದರೆ ಕೂಸಿನ ಮೂಲಕ ಹೇಳುತ್ತಿದ್ದರು. ಫುರಾಹಾ, ನಿಮ್ಮಮ್ಮನಿಗೆ ಉಪ್ಪು ಮುಗಿದಿದೆ ಅಂತ ಹೇಳು. ಮಾತು ಬಾರದ ಕೂಸು ಏನು ಹೇಳೀತು? ನಾನು ಉಪ್ಪು ತರುತ್ತಿದ್ದೆ. ಸಂಜೆ ಮುದ್ದೆ ತಿರುವಿ ನಡುವೆ ಇಟ್ಟರೆ ನನ್ನ ಕಡೆಯ ಅಂಚು ಮುಟ್ಟದೆ ಊಟ ಮುಗಿಸುತ್ತಿದ್ದರು. ನೀರು ಈಗ ನಾನೇ ತರುತ್ತಿದ್ದೆ, ಕೂಸನ್ನು ಕಟ್ಟಿಕೊಂಡು. ಯಾರೂ ತಾ ಅಂದಿರಲಿಲ್ಲ.

ಒಂದು ಭಾನುವಾರ ಅಂಗಳದಲ್ಲಿ ಸೌದೆ ಸೀಳುತ್ತಿದ್ದ ಫೆಸ್ಟೊ ಕೊಡಲಿ ಕೆಳಗಿಟ್ಟ. ಮಾತ್ರೆ ಎದಿತಾಳದೆಂದು ನೀನು ನನಗೆ ಹೇಳಬೇಕಿತ್ತು ಅಂದ. ಹೇಳಿದ್ದರೆ ಬೇಡ ಅನ್ನುತ್ತಿದ್ದೆಯಾ ಎಂದು ಕೇಳಿದೆ. ಅವನು ಮತ್ತೆ ಕೊಡಲಿ ಎತ್ತಿಕೊಳ್ಳುತ್ತ, ಇಲ್ಲ, ಹಾಕಿಸಿಕೊಳ್ಳುತ್ತಿದ್ದೆ ಅಂದ. ಆ ಒಂದು ಮಾತಿಗೆ ನಾನು ಅವನಿಗೆ ಋಣಿ. ಸುಳ್ಳು ಹೇಳಬಹುದಿತ್ತು.

ಆಸ್ಪತ್ರೆಯಲ್ಲಿ ಹಾಕಿದ ಮೊದಲ ಸೂಜಿಗೆ ಎದಿತಾ ಎರಡು ದಿನ ಕೂರಲಾಗದೆ ಮಗ್ಗುಲಾಗಿ ಮಲಗಿದ್ದಳು. ಔಷಧಿ ಗಟ್ಟಿ, ನಿಧಾನವಾಗಿ ಒಳಗೆ ಹೋಗುತ್ತದೆ, ಕಾಲೆಲ್ಲ ಉರಿಯುತ್ತದೆ. ಎರಡನೆಯದರ ದಿನ ಬಂದಾಗ ಆಗಸ್ಟ್ ತಿಂಗಳು, ಚಳಿ ಕಡಿಮೆಯಾಗಿತ್ತು. ಅವಳು ಅಂಗಳದಲ್ಲಿ ಮೆಲ್ಲಗೆ ಓಡಾಡಿಕೊಂಡಿದ್ದಳು, ಕೆನ್ನೆ ತುಂಬಿತ್ತು. ಹೊರಡು ಅಂದ ಕೂಡಲೇ ಬಾಗಿಲ ಹಿಂದೆ ಹೋಗಿ ಕೂತಳು. ನನಗೆ ನೋವೇ ಇಲ್ಲ, ಬರಲ್ಲ ಎಂದು ಅಳಲು ಶುರುಮಾಡಿದಳು.

ಅತ್ತೆ ಒಲೆಯ ಮುಂದೆ ಆಲೂಗಡ್ಡೆ ಸುಲಿಯುತ್ತಿದ್ದರು. ಅಳು ಕೇಳಿ ಎದ್ದು ಹೋಗಿ ಅವಳನ್ನು ತಬ್ಬಿಕೊಂಡರು. ಅವರ ಕಣ್ಣಲ್ಲೂ ನೀರು. ತಲೆ ಸವರುತ್ತ ಕೂಸಿನ ಕಡೆ ತಿರುಗಿದರು.

"ಫುರಾಹಾ, ನಿಮ್ಮಮ್ಮನಿಗೆ ಹೇಳು. ಮಗು ಆಡ್ಕೊಂಡಿದೆ, ಉಣ್ಕೊಂಡಿದೆ. ಇದೊಂದು ತಿಂಗಳು ಬಿಡೋಣ. ವಾಸಿಯಾಗಿದೆಯಲ್ಲ, ಇನ್ಯಾಕೆ?"

ಅಕ್ಷರಕ್ಕೆ ಅಕ್ಷರ ನನ್ನದೇ ಮಾತು.

"ಪುಸ್ತಕ ಕೊಡಿ ಅತ್ತೆ," ಅಂದೆ. "ಅದಿಲ್ಲದೆ ಅಲ್ಲಿ ಸೂಜಿ ಹಾಕಲ್ಲ."

ಅವರು ಹುಡುಗಿಯ ತಲೆ ಸವರುತ್ತಲೇ ಇದ್ದರು. ನಾನು ಮುಂದೆ ಹೋಗಿ ಅವರ ಎದುರೇ ನೆಲಕ್ಕೆ ಕೂತೆ.

"ನನ್ನ ಜೊತೆ ಮಾತಾಡ್ಬೇಡಿ. ಜೀವ ಇರೋವರೆಗೂ ಮಾತಾಡ್ಬೇಡಿ, ನಂಗೆ ಅದು ಆಗ್ಬೇಕಾದ್ದೇ. ಆದ್ರೆ ಪುಸ್ತಕ ಕೊಡಿ. ಇವತ್ತು ಇವಳನ್ನ ಎತ್ಕೊಂಡಾದ್ರೂ ಹೋಗ್ತೀನಿ. ಕೂಗಿದ್ರೆ ಕೂಗ್ಲಿ, ಬೀದಿಯವ್ರು ಮಲತಾಯಿ ಅಂದ್ರೆ ಅನ್ಲಿ."

ಅತ್ತೆ ಹುಡುಗಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. ಆಗ ಅವರ ತೋಳಿನೊಳಗಿಂದ ಎದಿತಾ ಬಿಕ್ಕುತ್ತಲೇ ತಲೆಯೆತ್ತಿದಳು.

"ಅಜ್ಜಿ," ಅಂದಳು, "ಅವತ್ತು ಚಿಕ್ಕಮ್ಮಾನೂ ಹೀಗೇ ಅಂದಿದ್ಲು."

ಹುಡುಗಿಗೆ ಯಾರನ್ನೂ ಚುಚ್ಚಬೇಕೆಂದಿರಲಿಲ್ಲ. ನೆನಪಾಯಿತು, ಹೇಳಿದಳು. ಅತ್ತೆ ಅವಳ ತಲೆಯ ಮೇಲಿನ ಕೈಯನ್ನು ತೆಗೆದರು. ಒಲೆಯ ಮೇಲೆ ನೀರು ಕುದಿದು ಮುಚ್ಚಳ ಅಲುಗುತ್ತಿತ್ತು. ಸೊಂಟದ ಗಂಟು ಬಿಚ್ಚಲು ತೊಡಗಿದರು. ಗಂಟು ಬಿಗಿಯಾಗಿತ್ತು, ಹೊತ್ತು ಹಿಡಿಯಿತು. ಎರಡೂ ಪುಸ್ತಕ ತೆಗೆದು ನನ್ನ ಕಡೆ ಚಾಚಿದರು, ಕೂಸಿನ ಕಡೆಯಲ್ಲ.

"ನಿನ್ನ ಹತ್ರಾನೇ ಇರ್ಲಿ," ಅಂದರು. "ನಿನ್ನ ನಂಬಿ ಕೊಡ್ತಾ ಇಲ್ಲ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ, ಅದಕ್ಕೆ ಕೊಡ್ತಿದ್ದೀನಿ."

ನಾನು ಪುಸ್ತಕಗಳನ್ನು ಕಣ್ಣಿಗೊತ್ತಿಕೊಂಡೆ, ಯಾಕೆಂದು ನನಗೂ ಗೊತ್ತಿಲ್ಲ. ಎದಿತಾಳ ಮುಖ ತೊಳೆಸಿ, ಸ್ವೆಟರ್ ತೊಡಿಸಿ ಹೊರಗೆ ಕರೆತಂದೆ. ಅವಳು ಇನ್ನೂ ಬಿಕ್ಕುತ್ತಿದ್ದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ನಾವು ಇಳಿಜಾರಿನಲ್ಲಿ ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಅವಳು ನಿಂತಲ್ಲಿ ನಿಲ್ಲುತ್ತ ಹೋದೆವು. ಕೆಳಗಿನ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅತ್ತೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಖಾಲಿ ಬಕೆಟ್ ಹಿಡಿದು, ನೀರಿಗೆ ಇಳಿದು ಬರುತ್ತಿದ್ದರು.